ಕಾರಂತ ಅಂದರೆ ಯಾವ ಕಾರಂತರು?

ಪ್ರಶ್ನೆ: ಶಿವರಾಮ ಕಾರಂತರ ಪುಸ್ತಕ ಹುಡುಕುವಾಗಲೆಲ್ಲ ಬಿ.ವಿ. ಕಾರಂತ, ಪ್ರೇಮಾ ಕಾರಂತ, ಉಲ್ಲಾಸ ಕಾರಂತ ಎಂಬ ಹೆಸರುಗಳೂ ಜೊತೆಗೆ ಬರುತ್ತವೆ. ಇವರೆಲ್ಲ ಒಂದೇ ಮನೆಯವರೇ? ಹೀಗೆ ಒಂದು ಹೆಸರನ್ನು ಹಿಡಿದುಕೊಂಡು ಓದುತ್ತ ಹೋದರೆ ಏನಾದರೂ ಸಿಗುತ್ತದೆಯೇ?

ಈ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳಿದ್ದಾರೆ. ಮೊದಲ ಭಾಗಕ್ಕೆ ಉತ್ತರ ಸುಲಭ. ಇವರು ಒಂದೇ ಮನೆಯವರಲ್ಲ, ಎರಡು ಮನೆಯವರು. ಶಿವರಾಮ ಕಾರಂತರು ಮತ್ತು ಉಲ್ಲಾಸ ಕಾರಂತರು ತಂದೆ, ಮಗ. ಬಿ.ವಿ. ಕಾರಂತರು ಮತ್ತು ಪ್ರೇಮಾ ಕಾರಂತರು ಗಂಡ, ಹೆಂಡತಿ; ಇಬ್ಬರೂ ರಂಗಭೂಮಿಯವರು. ಶಿವರಾಮ ಕಾರಂತರು ಹುಟ್ಟಿದ್ದು ಉಡುಪಿ ಕಡೆಯ ಕೋಟದಲ್ಲಿ. ಬಿ.ವಿ. ಕಾರಂತರು ಬಂಟ್ವಾಳ ತಾಲ್ಲೂಕಿನ ಮಂಚಿಯವರು. ಅವರ ಹೆಸರಿನ ‘ಬಿ’ ಅಂದರೆ ಅಲ್ಲಿನ ಬಾಬುಕೋಡಿ, ‘ವಿ’ ಅಂದರೆ ವೆಂಕಟರಮಣ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐತಾಳ, ಹೊಳ್ಳ, ಹೇರ್ಳೆ, ಹಂದೆ, ಉರಾಳ, ಮಯ್ಯ ಇದ್ದ ಹಾಗೆ ಕಾರಂತ ಎನ್ನುವುದೂ ಕೋಟದ ಬ್ರಾಹ್ಮಣರಲ್ಲಿ ಅನೇಕ ಮನೆಗಳು ಹಂಚಿಕೊಂಡಿರುವ ಕುಲನಾಮ. ಹೆಸರಿನ ಕೊನೆಗೆ ಬರುವ ಪದದಿಂದ ಯಾವ ಸಮುದಾಯ ಎಂದಷ್ಟೇ ಗೊತ್ತಾದೀತು. ಯಾವ ಮನೆ ಎಂದು ತಿಳಿಯಬೇಕಾದರೆ ಹೆಸರಿನ ಆರಂಭದಲ್ಲಿರುವ ಊರನ್ನು ನೋಡಬೇಕು. ಕೋಟ, ಬಾಬುಕೋಡಿ: ಗುರುತು ಅಲ್ಲಿದೆ.

ಎರಡನೆಯ ಭಾಗಕ್ಕೆ ಉತ್ತರ ಹೇಳಲು ಸ್ವಲ್ಪ ಜಾಗ ಬೇಕು.

ಕಾಲೇಜಿನಲ್ಲಿದ್ದಾಗ ನಾನು ಹೋಗುತ್ತಿದ್ದ ಒಂದು ಗ್ರಂಥಾಲಯದಲ್ಲಿ ಲೇಖಕರ ಹೆಸರಿನ ಕಾರ್ಡುಗಳ ಮರದ ಡ್ರಾಯರ್ ಇತ್ತು. ‘ಕಾರಂತ’ ಎಂಬ ವಿಭಾಗದ ಕಾರ್ಡುಗಳ ಮೇಲಂಚು ಕೈ ತಾಗಿ ತಾಗಿ ಕಪ್ಪಾಗಿತ್ತು. ಕಾದಂಬರಿಗಳ ಕಾರ್ಡುಗಳ ನಡುವೆ ರಂಗಭೂಮಿಯ ಒಂದು ಪುಸ್ತಕದ ಕಾರ್ಡು ಸೇರಿಕೊಂಡಿತ್ತು. ಅದರ ಮೂಲೆಯಲ್ಲಿ ಯಾರೋ ಪೆನ್ಸಿಲಿನಿಂದ ‘ಇವರು ಬೇರೆ’ ಎಂದು ಬರೆದಿದ್ದರು. ಆ ಎರಡು ಪದ ಓದಿದ ಮೇಲೆಯೇ ನನಗೆ ಆ ‘ಬೇರೆ’ಯವರನ್ನು ಓದಬೇಕು ಅನ್ನಿಸಿದ್ದು.

ಇಬ್ಬರು ಕಾರಂತರ ಬಗ್ಗೆ ಜನ ಗೊಂದಲ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ‘ಚೋಮನ ದುಡಿ’ಯನ್ನೇ ನೋಡಿ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಅದನ್ನು ಸಿನಿಮಾ ಮಾಡಿದವರು ಬಿ.ವಿ. ಕಾರಂತರು, 1975ರಲ್ಲಿ. ಹಾಗಾಗಿ ‘ಕಾರಂತರ ಚೋಮನ ದುಡಿ’ ಅಂದರೆ ಎರಡೂ ಸರಿಯೇ! ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆದರೆ ನಾನು ಹೇಳಬೇಕೆಂದಿರುವುದು ಪ್ರಶಸ್ತಿಯ ವಿಷಯವಲ್ಲ. ಕಾದಂಬರಿಯನ್ನು ಓದಿ ಅದೇ ವಾರ ಸಿನಿಮಾ ನೋಡಿ. ತುಂಡು ಭೂಮಿಯನ್ನು ತಾನೇ ಉಳಬೇಕು ಎಂಬ ಚೋಮನ ಆಸೆ ಎರಡರಲ್ಲೂ ಒಂದೇ. ಪುಸ್ತಕದಲ್ಲಿ ದುಡಿ ಎಂಬ ಚರ್ಮವಾದ್ಯದ ಸದ್ದನ್ನು ನಾವು ಊಹಿಸಿಕೊಳ್ಳಬೇಕು. ಸಿನಿಮಾ ಮಾಡಿದವರು ಸಂಗೀತದಲ್ಲೇ ಯೋಚಿಸುತ್ತಿದ್ದ ಮನುಷ್ಯ; ಅಲ್ಲಿ ಚೋಮನ ಸಿಟ್ಟು, ದುಃಖ ಎಲ್ಲ ದುಡಿಯಿಂದಲೇ ಕೇಳಿಸುತ್ತದೆ. ಒಂದೇ ಹೆಸರಿನ ಇಬ್ಬರು ಒಂದೇ ಕಥೆಯನ್ನು ಎರಡು ಇಂದ್ರಿಯಗಳಿಗೆ ಕೊಟ್ಟಿದ್ದಾರೆ.

ಶಿವರಾಮ ಕಾರಂತರ ಕಾದಂಬರಿಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಅವನ್ನು ಹುಡುಕಿಕೊಂಡೇ ನೀವು ಹೊರಟವರು. ಆದರೆ ಕಾದಂಬರಿಯ ಪಕ್ಕದ ಕಪಾಟನ್ನೂ ಒಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಮಕ್ಕಳಿಗಾಗಿ 3 ಸಂಪುಟಗಳ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ 4 ಸಂಪುಟಗಳ ‘ವಿಜ್ಞಾನ ಪ್ರಪಂಚ’, ಒಂದು ಅರ್ಥಕೋಶ, ಪ್ರವಾಸ ಕಥನಗಳು, ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆ, ಎಲ್ಲವೂ ಒಬ್ಬರದೇ. ಜ್ಞಾನಪೀಠ ತಂದುಕೊಟ್ಟದ್ದು ‘ಮೂಕಜ್ಜಿಯ ಕನಸುಗಳು’ ಎಂದು ಎಲ್ಲರಿಗೂ ಗೊತ್ತು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮಾತ್ರ ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ಒಂದೇ ಹೆಸರಿನಡಿ ಬಗೆಬಗೆಯ ಪುಸ್ತಕ ಬೇಕೆನ್ನುವವರಿಗೆ ಈ ಒಬ್ಬ ಕಾರಂತರೇ ವರ್ಷಗಟ್ಟಲೆ ಸಾಕು.

ಈಗ ಬಾಬುಕೋಡಿಯ ಮನೆಗೆ ಬರೋಣ. ಬಿ.ವಿ. ಕಾರಂತರು ಕೂತು ಬರೆಯುವ ಜಾತಿಯವರಲ್ಲ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಹಿಂದಿ ಎಂ.ಎ. ಓದಲು ಬನಾರಸಿಗೆ ಕಳಿಸಿದರು. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಕಟ್ಟಿದರು, ಮೈಸೂರಿನ ರಂಗಾಯಣ ಕಟ್ಟಿದರು. ಇಂಥವರ ಬದುಕು ಪುಸ್ತಕವಾದದ್ದು ವೈದೇಹಿಯವರಿಂದ. ಕಾರಂತರು ಹೇಳುತ್ತ ಹೋದದ್ದನ್ನು ಅವರು ಬರೆದುಕೊಂಡರು. ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂಬ ಹೆಸರಿನಲ್ಲಿ ಅದು ಪ್ರಕಟವಾಯಿತು. ಶಿವರಾಮ ಕಾರಂತರ ಗದ್ಯದಿಂದ ನೇರವಾಗಿ ಈ ಪುಸ್ತಕಕ್ಕೆ ಬಂದರೆ ಬರೆದವರ ಕೋಣೆಯಿಂದ ಮಾತಾಡುವವರ ಜಗಲಿಗೆ ಬಂದ ಹಾಗೆ. ಹೆಸರೊಂದೇ ಇದ್ದರೂ ಉಸಿರು ಬೇರೆ.

ಇದರ ಜೊತೆಗೇ, ಬಿಡದೆ, ಪ್ರೇಮಾ ಕಾರಂತರ ಆತ್ಮಕಥನ ‘ಸೋಲಿಸಬೇಡ ಗೆಲಿಸಯ್ಯ’ವನ್ನು ಓದಬೇಕು. ನನ್ನ ಮಟ್ಟಿಗೆ ಕಾರಂತ ಎಂಬ ಹೆಸರು ಹಿಡಿದು ಓದುವುದರಲ್ಲಿ ಸಿಗುವ ದೊಡ್ಡ ಲಾಭ ಈ ಜೋಡಿ. ಒಂದು ದಾಂಪತ್ಯದ ಇಬ್ಬರೂ ತಮ್ಮ ತಮ್ಮ ಬದುಕನ್ನು ಬೇರೆ ಬೇರೆ ಪುಸ್ತಕದಲ್ಲಿ ಹೇಳಿಕೊಂಡಿರುವುದು ಕನ್ನಡದಲ್ಲಿ ಅಪರೂಪ. ಭದ್ರಾವತಿಯಲ್ಲಿ ಹುಟ್ಟಿದ ಪ್ರೇಮಾ ಅವರೂ ನಾಟಕ ಶಾಲೆಯಲ್ಲಿ ಕಲಿತವರು, ಬೆನಕ ಮಕ್ಕಳ ಕೇಂದ್ರ ಕಟ್ಟಿ ಮಕ್ಕಳಿಂದ ‘ಅಳಿಲು ರಾಮಾಯಣ’ದಂಥ ನಾಟಕ ಆಡಿಸಿದವರು. ಗಂಡನ ಹೆಸರಿನ ನೆರಳಿನಲ್ಲಿ ಅವರನ್ನು ನೋಡುವ ಅಭ್ಯಾಸ ನಮಗಿದ್ದರೆ ಅದು ಬಿಟ್ಟುಹೋಗಲು ಈ ಪುಸ್ತಕ ಸಾಕು. ಒಂದು ಸಲಹೆ: ಮೊದಲು ಪ್ರೇಮಾ ಅವರದನ್ನು ಓದಿ, ಆಮೇಲೆ ಬಿ.ವಿ. ಅವರದನ್ನು. ಹೆಚ್ಚಿನವರು ತಿರುಗುಮುರುಗಾಗಿ ಓದುತ್ತಾರೆ. ಆಗ ಆಕೆಯ ಮಾತು ಅನುಬಂಧದಂತೆ ಕೇಳಿಸುವ ಅಪಾಯವಿದೆ.

ಪ್ರೇಮಾ ಕಾರಂತರು 1983ರಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಸಿನಿಮಾ ಮಾಡಿದರು. ಅಲ್ಲಿಂದ ದಾರಿ ಇನ್ನೊಂದು ಹೆಸರಿಗೆ ತಿರುಗುತ್ತದೆ. ‘ಫಣಿಯಮ್ಮ’ವನ್ನು ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ. ಈ ‘ನಿರಂಜನ’ ಕುಲನಾಮವೂ ಅಲ್ಲ, ಊರಿನ ಹೆಸರೂ ಅಲ್ಲ. ಕುಳ್ಕುಂದ ಶಿವರಾಯ ಎಂಬ ಲೇಖಕರು ಇಟ್ಟುಕೊಂಡ ಕಾವ್ಯನಾಮ. ವೆಂಕಟಲಕ್ಷ್ಮಿ ಎಂಬ ವೈದ್ಯೆ ಅವರನ್ನು ಮದುವೆಯಾಗಿ ಅನುಪಮಾ ನಿರಂಜನ ಎಂದು ಬರೆದರು, ಹೆಣ್ಣುಮಕ್ಕಳು ತೇಜಸ್ವಿನಿ ಮತ್ತು ಸೀಮಂತಿನಿ ಕೂಡ ಅದನ್ನೇ ಇಟ್ಟುಕೊಂಡರು. ಬರೆಯುವ ಕೆಲಸಕ್ಕೆಂದು ಆರಿಸಿಕೊಂಡ ಹೆಸರು ಒಂದೇ ತಲೆಮಾರಿನಲ್ಲಿ ಮನೆತನದ ಹೆಸರಾಯಿತು!

ಈ ಮನೆಯ ಪುಸ್ತಕಗಳಾದರೂ ಎಷ್ಟು ಬಗೆ ನೋಡಿ. ಅಪ್ಪನದು ಕಯ್ಯೂರಿನ ರೈತ ಹೋರಾಟದ ‘ಚಿರಸ್ಮರಣೆ’, ಈಜಿಪ್ಟಿನ ಪುರಾತನ ಕಾಲದ ‘ಮೃತ್ಯುಂಜಯ’, ಜೊತೆಗೆ ಅವರ ಸಂಪಾದಕತ್ವದಲ್ಲಿ ಬಂದ 25 ಸಂಪುಟಗಳ ‘ವಿಶ್ವ ಕಥಾಕೋಶ’. ಅಮ್ಮನದು ‘ಮಾಧವಿ’ಯಂಥ ಕಾದಂಬರಿ, ಬಸುರಿ ಬಾಣಂತಿಯರು ದಿಂಬಿನಡಿ ಇಟ್ಟುಕೊಂಡು ಓದಿದ ‘ತಾಯಿ–ಮಗು’, ಮಕ್ಕಳಿಗೆ 12 ಸಂಪುಟಗಳ ‘ದಿನಕ್ಕೊಂದು ಕಥೆ’. ನಮ್ಮ ಮನೆಯಲ್ಲಿ ‘ದಿನಕ್ಕೊಂದು ಕಥೆ’ಯ ಒಂದು ಸಂಪುಟದ ರಟ್ಟು ಕಿತ್ತುಹೋಗಿ ಅಮ್ಮ ಅದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ಆ ಕ್ಯಾಲೆಂಡರಿನ ತಿಂಗಳಿಗೂ ಒಳಗಿನ ಕಥೆಗಳ ತಿಂಗಳಿಗೂ ತಾಳೆಯಾಗುವುದಿಲ್ಲ ಎಂದು ನಾನೂ ತಂಗಿಯೂ ಜಗಳವಾಡಿದ್ದೆವು. ಹಿರಿಯ ಮಗಳದು ಅನುವಾದ ಮತ್ತು ವಸಾಹತುಶಾಹಿಯ ಸಂಬಂಧ ಕುರಿತ, ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಓದುವ ಇಂಗ್ಲಿಷ್ ಗ್ರಂಥ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂದು ಇಂಗ್ಲಿಷಿಗೆ ತಂದವರೂ ಅವರೇ. ಅದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರಲ್ಲಿ ಬಂತು. ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟರೆ ಜಯಂತರ ತಂದೆ, ಗೋಕರ್ಣದ ಗೌರೀಶ ಕಾಯ್ಕಿಣಿಯವರ ವಿಚಾರ ಸಾಹಿತ್ಯ.

ಮತ್ತೆ ಕೋಟದ ಮನೆಗೆ. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಆಮೇಲೆ ವನ್ಯಜೀವಿ ವಿಜ್ಞಾನಿಯಾದವರು. ಅವರ ‘ದ ವೇ ಆಫ್ ದ ಟೈಗರ್’ ಓದುವ ಮುಂಚೆ ಅಪ್ಪನ ‘ಬೆಟ್ಟದ ಜೀವ’ ಓದಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 1943ರ ಆ ಕಾದಂಬರಿಯಲ್ಲಿ ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸುವವರು. ಹುಲಿ ಅಂದರೆ ದನಕ್ಕೆ ಬರುವ ಮೃಗ, ಕಾದು ಹೊಡೆಯಬೇಕಾದ ವೈರಿ. ಮಗನ ಪುಸ್ತಕದಲ್ಲಿ ಅದೇ ಹುಲಿಯನ್ನು ಒಂದೊಂದಾಗಿ ಗುರುತಿಸಿ ಎಣಿಸುತ್ತಾರೆ. ನಾಗರಹೊಳೆಯ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಒಂದೊಂದು ಕ್ಯಾಮೆರಾ. ಹುಲಿ ನಡುವೆ ಹಾದರೆ ಎರಡೂ ಒಟ್ಟಿಗೆ ಕ್ಲಿಕ್ಕಿಸುತ್ತವೆ. ಎರಡೇಕೆ ಅಂದರೆ ಹುಲಿಯ ಎಡಮೈಯ ಪಟ್ಟೆಗಳು ಬಲಮೈಯ ಹಾಗಿರುವುದಿಲ್ಲ. ಒಂದು ಬದಿಯ ಚಿತ್ರ ಮಾತ್ರ ಇದ್ದರೆ ಒಂದೇ ಹುಲಿಯನ್ನು ಎರಡು ಎಂದು ಎಣಿಸಿಬಿಡಬಹುದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಹೆಜ್ಜೆಗುರುತು ನೋಡಿ ಲೆಕ್ಕ ಹಾಕುವ ಹಳೆಯ ಪದ್ಧತಿಯನ್ನು ಅವರು ಒಪ್ಪದೆ ಈ ದಾರಿ ಹಿಡಿದರು. ತಂದೆಯ ಗೋಪಾಲಯ್ಯನಿಗೂ ಮಗನ ಹುಲಿಗೂ ನಡುವೆ ನಮ್ಮ ಮಲೆನಾಡು ಕಾಡನ್ನು ನೋಡುವ ರೀತಿ ಎಷ್ಟು ಬದಲಾಯಿತು ಎಂಬುದು ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಕಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಹೆಸರನ್ನು ನಂಬಿ ಹೋದರೆ ಯಾರು ತಪ್ಪಿಹೋಗುತ್ತಾರೆ ಎಂಬುದನ್ನೂ ಹೇಳಲೇಬೇಕು. 2021ರಲ್ಲಿ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಇಂಗ್ಲಿಷ್ ಪುಸ್ತಕ ಬಂತು. ಶಿವರಾಮ ಕಾರಂತರನ್ನು ಮನೆಯೊಳಗಿನಿಂದ ನೋಡಿದ ಪುಸ್ತಕ, ಮೂವರು ಮಕ್ಕಳು ಸೇರಿ ಬರೆದದ್ದು. ಆ ಮೂವರು ಉಲ್ಲಾಸ ಕಾರಂತ, ಮಾಳವಿಕಾ ಕಪೂರ್, ಕ್ಷಮಾ ರಾವ್. ಮಾಳವಿಕಾ ಅವರು ನಿಮ್ಹಾನ್ಸಿನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಕೆಲಸ ಮಾಡಿ ಆ ವಿಷಯದಲ್ಲೇ ಪುಸ್ತಕ ಬರೆದವರು. ‘ಬಾಲ ಪ್ರಪಂಚ’ ಬರೆದವರ ಮಗಳು ಮಕ್ಕಳ ಮನೋವಿಜ್ಞಾನಿ! ಆದರೆ ‘ಕಾರಂತ’ ಎಂದು ಹುಡುಕಿದರೆ ಅವರು ಸಿಗುವುದಿಲ್ಲ. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳ ಪುಸ್ತಕಗಳು ಇಂಥ ಹುಡುಕಾಟದಲ್ಲಿ ಯಾವಾಗಲೂ ಜಾರಿಹೋಗುತ್ತವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಹಳೆ ಮೈಸೂರು ಕಡೆಯವರ ಕಥೆ ಇನ್ನೂ ಬೇರೆ. ಅಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ. ಕುವೆಂಪು, ಪೂರ್ಣಚಂದ್ರ ತೇಜಸ್ವಿ: ತಂದೆ ಮಗನ ಪುಸ್ತಕಗಳು ಅಕಾರಾದಿಯಲ್ಲಿ ಇಟ್ಟರೆ ಕಪಾಟಿನ ಎರಡು ತುದಿಗೆ ಹೋಗುತ್ತವೆ. ಕರಾವಳಿಯಲ್ಲೂ ಎಲ್ಲರೂ ಕುಲನಾಮವನ್ನು ಕೊನೆಗೇ ಇಡುವುದಿಲ್ಲ. ‘ಅಡಿಕೆ ಪತ್ರಿಕೆ’ ಓದುವವರಿಗೆ ಪರಿಚಿತರಾದ, ಕೃಷಿ, ಯಕ್ಷಗಾನ ಕುರಿತು ಬರೆಯುವ ನಾ. ಕಾರಂತ ಪೆರಾಜೆ ಅವರ ಹೆಸರಿನಲ್ಲಿ ಕಾರಂತ ನಡುವೆ ಇದೆ, ಊರು ಕೊನೆಗಿದೆ. ಇವರನ್ನು ‘ಪ’ ಅಕ್ಷರದಲ್ಲಿ ಇಡುವ ಗ್ರಂಥಾಲಯವೂ ಇರುತ್ತದೆ, ‘ಕ’ದಲ್ಲಿ ಇಡುವುದೂ ಇರುತ್ತದೆ.

ಆನ್‌ಲೈನಿನಲ್ಲಿ ಹುಡುಕುವವರಿಗೆ ಒಂದು ಮಾತು. ಕನ್ನಡದಲ್ಲಿ ‘ಕಾರಂತ’ ಎಂದೂ, ‘ಕಾರಂತ್’ ಎಂದೂ ಎರಡು ಬಾರಿ ಹುಡುಕಿ. ಇಂಗ್ಲಿಷ್ ಅಕ್ಷರಗಳಲ್ಲಿ ‘Karanth’ ಎಂದು ಒಮ್ಮೆ, ‘Karantha’ ಎಂದು ಒಮ್ಮೆ ನೋಡಿ. ವಿದೇಶದ ದೊಡ್ಡ ಗ್ರಂಥಾಲಯಗಳ ಪಟ್ಟಿಯಾದರೆ ‘Karanta’ ಎಂದೂ ನೋಡಿ. ಅಂಗಡಿಗೆ ಹೋದರೆ ಹೆಸರಿನ ಜೊತೆ ವಿಷಯವನ್ನೂ ಹೇಳಿ. ‘ಕಾರಂತರ ಪುಸ್ತಕ ಕೊಡಿ’ ಅಂದರೆ ಕಾದಂಬರಿಯೇ ಬರುತ್ತದೆ. ‘ನಾಟಕದ ಕಾರಂತರದು’, ‘ಹುಲಿ ಕಾರಂತರದು’ ಅಂದರೆ ಅಂಗಡಿಯವರಿಗೆ ಥಟ್ಟನೆ ತಿಳಿಯುತ್ತದೆ, ಅವರ ಬಾಯಲ್ಲೂ ಇರುವುದು ಆ ಮಾತೇ.

ಯಾವುದರಿಂದ ಆರಂಭಿಸಲಿ ಎಂದರೆ, ‘ಚೋಮನ ದುಡಿ’ಯಿಂದ. ಚಿಕ್ಕ ಪುಸ್ತಕ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಸಂಜೆ ಸಿನಿಮಾ ನೋಡಿ. ಮುಂದಿನ ವಾರ ಪ್ರೇಮಾ ಕಾರಂತರ ಆತ್ಮಕಥನವನ್ನು ಕೈಗೆತ್ತಿಕೊಳ್ಳಿ.