ಓಆರ್‌ಎಸ್: ಗೊತ್ತಿದ್ದರೂ ಚೀಟಿಗೆ ಬಾರದ ಮದ್ದು

ಮಗುವಿಗೆ ಭೇದಿ ಹತ್ತಿದರೆ ಮೊದಲು ಕೊಡಬೇಕಾದ್ದು ನೀರಿನಲ್ಲಿ ಕಲಸಿ ಕುಡಿಸುವ ಸಕ್ಕರೆ–ಉಪ್ಪಿನ ಪುಡಿ, ಅಂದರೆ ಓಆರ್‌ಎಸ್ ಎಂಬುದು ವೈದ್ಯರಿಗೆ ತಿಳಿಯದ್ದೇನಲ್ಲ. ಪೊಟ್ಟಣಕ್ಕೆ ಹೆಚ್ಚು ಬೆಲೆಯಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭೇದಿಯಾಗಿದ್ದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 60.6ರಷ್ಟು ಮಕ್ಕಳಿಗೆ ಮಾತ್ರ ಓಆರ್‌ಎಸ್ ಸಿಕ್ಕಿತ್ತು. ಜತೆಗೆ ಕೊಡಲೇಬೇಕಾದ ಜಿಂಕ್ ಸಿಕ್ಕಿದ್ದು ಶೇ 30.5ರಷ್ಟು ಮಕ್ಕಳಿಗೆ. ಸಂಶೋಧನೆ ಮುಗಿದು ಅರ್ಧ ಶತಮಾನ ದಾಟಿದ ಮೇಲೂ ಈ ಅಂತರ ಏಕೆ ಉಳಿಯಿತು?

ವಿಜ್ಞಾನದ ಭಾಗ ಸರಳ. ಸಣ್ಣ ಕರುಳಿನ ಗೋಡೆ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೋಡಿಯಾಗಿ ಒಳಗೆಳೆದುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. 1960ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಇದನ್ನು ಮುಂದಿಟ್ಟರು. ಕಾಲರಾದಲ್ಲಿ ಕರುಳು ನೀರನ್ನು ಸುರಿಸುತ್ತಿರುವಾಗಲೂ ಈ ದಾರಿ ಮುಚ್ಚುವುದಿಲ್ಲ. ಆದ್ದರಿಂದ ಬರೀ ನೀರಿಗಿಂತ, ಸರಿಯಾದ ಅಳತೆಯ ಸಕ್ಕರೆ–ಉಪ್ಪಿನ ನೀರು ಮೈಗೆ ಹತ್ತುತ್ತದೆ.

ಇಲ್ಲಿ ಅಳತೆಯೇ ಪ್ರಾಣ. 1962ರಲ್ಲಿ ಮನಿಲಾದಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಫಿಲಿಪ್ಸ್ ನಡೆಸಿದ ಪ್ರಯೋಗದಲ್ಲಿ ದ್ರಾವಣ ತೀರಾ ಗಟ್ಟಿಯಾಗಿತ್ತು, ರೋಗಿಗಳು ಸತ್ತರು. ಅದಕ್ಕೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ್ ಚಟರ್ಜಿ ಬಾಯಿಯ ಮೂಲಕವೇ ದ್ರಾವಣ ಕುಡಿಸಿ ಕಾಲರಾ ರೋಗಿಗಳನ್ನು ಗುಣಪಡಿಸಿದ್ದನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಹೋಲಿಕೆಗೆ ಬೇರೊಂದು ಗುಂಪು ಇಲ್ಲದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. 1968ರಲ್ಲಿ ಢಾಕಾದಲ್ಲಿ ಅಮೆರಿಕದ ವೈದ್ಯರಾದ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್, ಮೈಯಿಂದ ಎಷ್ಟು ನೀರು ಹೋಗುತ್ತದೋ ಅಷ್ಟನ್ನೇ ಅಳೆದು ಕುಡಿಸಿದರು. ಡ್ರಿಪ್‌ನ ಅಗತ್ಯ ಶೇ 80ರಷ್ಟು ಇಳಿಯಿತು.

ಆದರೆ ಅದು ಆಸ್ಪತ್ರೆ, ಅಳೆಯುವವರು ತಜ್ಞರು. ಸಾಮಾನ್ಯ ಜನರ ಕೈಗೆ ಕೊಟ್ಟರೆ ಎಡವಟ್ಟಾಗುತ್ತದೆ ಎಂದೇ ವೈದ್ಯಲೋಕ ನಂಬಿತ್ತು. ಆ ನಂಬಿಕೆ ಮುರಿದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿಕೊಂಡಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ ಇಡಿಸಿದರು. ಕುಡಿಸಿದ್ದು ರೋಗಿಯ ಪಕ್ಕದಲ್ಲಿದ್ದ ತಾಯಿ, ಅಣ್ಣ, ಅಜ್ಜಿಯರು. ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ದೊಡ್ಡ ತಿರುವು ಇದೇ: ಚಿಕಿತ್ಸೆ ವೈದ್ಯರ ಕೈದಾಟಿ ಮನೆಯವರ ಕೈಸೇರಿದ್ದು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಕೈಗೆ ಕೊಟ್ಟರೆ ಸಾಲದು, ಮನಸ್ಸಿಗೂ ಒಪ್ಪಬೇಕು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ, ಮೂರು ಬೆರಳ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಒಂದು ಕೋಟಿಗೂ ಹೆಚ್ಚು ಕುಟುಂಬಗಳ ತಾಯಂದಿರಿಗೆ ಕಲಿಸಿತು. ಕೆಲಸಗಾರ್ತಿಯರಿಗೆ ಸಂಬಳ ಕೊಟ್ಟದ್ದು ಹತ್ತಿದ ಮನೆಗಳ ಲೆಕ್ಕದ ಮೇಲಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ. ಆದರೂ ಶುರುವಿನಲ್ಲಿ, ಕಲಿತವರಲ್ಲಿ ಬಳಸಿದವರು ಬಹಳ ಕಡಿಮೆ. ವಿಚಾರಿಸಿದರೆ, ಕಲಿಸುವವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ, ಮನೆಯ ಗಂಡಸರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಇವೆರಡನ್ನೂ ತಿದ್ದಿದ ಮೇಲೆಯೇ ಬಳಕೆ ಏರಿದ್ದು.

ನಂಬಿಕೆ ಹುಟ್ಟದಿರಲು ಕಾರಣವೂ ಇದೆ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ನಿರ್ಜಲೀಕರಣದಿಂದ ಕಾಪಾಡುತ್ತದೆ. ಕೊಟ್ಟ ಮೇಲೂ ಮಗು ಅಷ್ಟೇ ಸಲ ಭೇದಿ ಮಾಡಿಕೊಂಡರೆ ಮದ್ದು ನಾಟಲಿಲ್ಲ ಎಂದು ತಾಯಿಗೆ ಅನ್ನಿಸುವುದು ಸಹಜ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ದ್ರಾವಣದ ಗಾಢತೆಯನ್ನು (ಕರಗಿದ ಕಣಗಳ ಪ್ರಮಾಣವನ್ನು) ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ ಇಳಿಸಿದವು. ಇದರಿಂದ ವಾಂತಿ, ಭೇದಿ ಸ್ವಲ್ಪ ತಗ್ಗಿ, ಡ್ರಿಪ್ ಹಾಕಬೇಕಾದ ಸಂದರ್ಭಗಳೂ ಕಡಿಮೆಯಾದವು. ಇಂದಿನ 20.5 ಗ್ರಾಂ ಪೊಟ್ಟಣ ಇದೇ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ.

ಹಾಗಾದರೆ ತಡೆ ಎಲ್ಲಿದೆ? ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ. 2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಕೂಡ ಇದ್ದರು. 253 ಪಟ್ಟಣಗಳ 2,282 ಖಾಸಗಿ ಚಿಕಿತ್ಸಕರ ಬಳಿಗೆ ತರಬೇತಾದ ನಟರು ಹೋಗಿ, ಮನೆಯಲ್ಲಿರುವ ಎರಡು ವರ್ಷದ ಮಗುವಿಗೆ ಭೇದಿ ಎಂದರು. ಕೆಲವರು ಓಆರ್‌ಎಸ್ ಬೇಕೆಂದರು, ಕೆಲವರು ಆ್ಯಂಟಿಬಯೋಟಿಕ್ ಬೇಕೆಂದರು, ಕೆಲವರು ಏನನ್ನೂ ಕೇಳಲಿಲ್ಲ. ಔಷಧಿ ಬೇರೆ ಕಡೆ ಕೊಳ್ಳುತ್ತೇವೆ ಎಂದವರೂ ಇದ್ದರು. ಮಾರಾಟದ ಲಾಭ ಎಷ್ಟು ಪ್ರಭಾವ ಬೀರುತ್ತದೆಂದು ಅಳೆಯಲು. ಅರ್ಧದಷ್ಟು ಚಿಕಿತ್ಸಕರಿಗೆ ಓಆರ್‌ಎಸ್ ದಾಸ್ತಾನನ್ನೂ ಒದಗಿಸಲಾಗಿತ್ತು.

ಫಲಿತಾಂಶ ಹಲವರ ಊಹೆಯನ್ನು ತಲೆಕೆಳಗು ಮಾಡಿತು. ಓಆರ್‌ಎಸ್ ಬರೆಯದಿರುವುದಕ್ಕೆ ಲಾಭದಾಸೆ ಕಾರಣವಾಗಿದ್ದು ಸುಮಾರು ಶೇ 5, ದಾಸ್ತಾನಿಲ್ಲದಿರುವುದು ಶೇ 6. ‘ಇವರಿಗೆ ಓಆರ್‌ಎಸ್ ಬೇಕಿಲ್ಲ’ ಎಂಬ ಚಿಕಿತ್ಸಕರ ಊಹೆ ಶೇ 42! ಬಾಯಿಬಿಟ್ಟು ಕೇಳಿದವರಿಗೆ ಓಆರ್‌ಎಸ್ ಸಿಗುವ ಪ್ರಮಾಣ ಶೇಕಡಾ 27 ಅಂಶಗಳಷ್ಟು ಹೆಚ್ಚಿತು. ವೈದ್ಯರಿಗೆ ಇನ್ನೊಂದು ತರಬೇತಿ ಕೊಟ್ಟರೆ ಎಲ್ಲ ಸರಿಹೋದೀತು ಎನ್ನುವವರು ಈ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು. ಅಪ್ಪ ಅಮ್ಮಂದಿರು ಕೇಳಬೇಕು, ಅಷ್ಟೇ: ‘ಡಾಕ್ಟ್ರೇ, ಓಆರ್‌ಎಸ್ಸು, ಜಿಂಕು ಬರೆದುಕೊಡಿ.’

ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಎಚ್ಚರ. ಓಆರ್‌ಎಸ್ ಹೆಸರು ಹೊತ್ತ ಸಿಹಿ ಪಾನೀಯಗಳು ವರ್ಷಗಟ್ಟಲೆ ಮಾರಾಟವಾದವು. ಹೆಚ್ಚಾದ ಸಕ್ಕರೆ ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ದೀರ್ಘ ಹೋರಾಟದ ನಂತರ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವುದನ್ನು ನಿಷೇಧಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿ ಕೊಳ್ಳಿ.

ಕಲಸುವಾಗ ಆಗುವ ತಪ್ಪು ಮುಖ್ಯವಾಗಿ ಒಂದೇ: ಲೀಟರ್ ನೀರಿನ ಪೊಟ್ಟಣದಿಂದ ಅಂದಾಜಿಗೆ ಅಷ್ಟಿಷ್ಟು ಪುಡಿಯನ್ನು ಲೋಟಕ್ಕೆ ಹಾಕುವುದು. ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೆಳುವಾದರೆ ಪ್ರಯೋಜನವಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಸುರಿಯಿರಿ. ಸಕ್ಕರೆ, ಹಾಲು, ಜ್ಯೂಸ್ ಬೆರೆಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50–100 ಮಿಲೀ, ದೊಡ್ಡ ಮಕ್ಕಳಿಗೆ 100–200 ಮಿಲೀ, ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಚಿವುಟಿದ ಚರ್ಮ ಬೇಗ ಹಿಂದಿರುಗದಿದ್ದರೆ, ಮಂಕಾಗಿ ಕುಡಿಯಲೂ ಆಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಜಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಿಗೆ 10. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಬಿಟ್ಟುಬಿಡುವವರೇ ಹೆಚ್ಚು. ಮುಂದಿನ ಎರಡು ಮೂರು ತಿಂಗಳಲ್ಲಿ ಭೇದಿ ಮರುಕಳಿಸದಂತೆ ತಡೆಯಲು ಅದನ್ನು 14 ದಿನ ಪೂರ್ತಿ ಕೊಡಬೇಕು.