ಪಾದುವಾದಲ್ಲಿ ಸಂತ ಅಂತೋಣಿಯವರ ದೇಹದ ದರ್ಶನ ಉಂಟೇ?

ಪ್ರಶ್ನೆ: ಇಟಲಿಯ ಪಾದುವಾದಲ್ಲಿರುವ ಸಂತ ಅಂತೋಣಿಯವರ ಬೆಸಿಲಿಕಾ ನೋಡಲು ಟಿಕೆಟ್ ಕಾಯ್ದಿರಿಸಬೇಕೇ? ಕೆಡದೆ ಉಳಿದಿರುವ ಅವರ ದೇಹದ ದರ್ಶನ ಎಷ್ಟು ಹೊತ್ತಿಗೆ?

ಟಿಕೆಟ್ ಬೇಡ, ಪ್ರವೇಶ ಉಚಿತ. ಮುಂಚಿತವಾಗಿ ಕಾಯ್ದಿರಿಸಬೇಕಾದದ್ದು ಅದೇ ಊರಿನ ಸ್ಕ್ರೊವೆನ್ಯಿ ಚಾಪೆಲ್‌ಗೆ. ಜೊತ್ತೊ ಬರೆದ ಭಿತ್ತಿಚಿತ್ರಗಳಿರುವುದು ಅಲ್ಲಿ. ಭುಜ, ಮೊಣಕಾಲು ಮುಚ್ಚುವ ಉಡುಪಿನಲ್ಲಿ ಹೋಗಿ. ಬಲಿಪೂಜೆ ನಡೆಯುವಾಗ ಸುತ್ತಾಡಬೇಡಿ.

ಇನ್ನು ದೇಹದ ವಿಷಯ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲವಾದ್ದರಿಂದ ಈ ಬಾರಿ ಬಿಡಿಸಿಯೇ ಹೇಳುತ್ತೇನೆ. ಅಂತೋಣಿಯವರ ದೇಹ ಕೆಡದೆ ಉಳಿದಿಲ್ಲ. ಅವರು ತೀರಿಕೊಂಡದ್ದು 1231ರ ಜೂನ್ 13ರಂದು. ಮರುವರ್ಷವೇ ಅವರನ್ನು ಸಂತರೆಂದು ಘೋಷಿಸಲಾಯಿತು. 1263ರಲ್ಲಿ ಅವಶೇಷಗಳನ್ನು ಹೊಸ ದೇವಾಲಯಕ್ಕೆ ಸಾಗಿಸಲು ಸಮಾಧಿಯನ್ನು ತೆರೆದಾಗ ಫ್ರಾನ್ಸಿಸ್ಕನ್ ಸಭೆಯ ಮುಖ್ಯಸ್ಥರಾಗಿದ್ದ ಬೊನವೆಂಚೂರರು ಅಲ್ಲಿದ್ದರು. ಕಂಡದ್ದು ಮೂಳೆ ಮತ್ತು ಮಣ್ಣು. ನಾಲಿಗೆಯೊಂದು ಮಾತ್ರ ಕೆಡದೆ ಉಳಿದಿತ್ತೆಂಬುದು ಅಂದಿನಿಂದ ಬಂದ ನಂಬಿಕೆ. ಪ್ರವಚನದಿಂದಲೇ ಊರೂರುಗಳನ್ನು ಗೆದ್ದವರ ನಾಲಿಗೆ ಅದು! ಭಕ್ತರಿಗೆ ಅದು ಎಷ್ಟು ದೊಡ್ಡದೆಂದು ನಾನು ಹೇಳಬೇಕಾಗಿಲ್ಲ. ಮುಖ್ಯ ಬಲಿಪೀಠದ ಹಿಂದಿನ ಅವಶೇಷಗಳ ಚಾಪೆಲ್‌ನಲ್ಲಿ ಅದನ್ನು ಇಂದಿಗೂ ನೋಡಬಹುದು.

ಹಾಗಾದರೆ ಇಡೀ ದೇಹದ ಕಥೆ ಎಲ್ಲಿಂದ ಬಂತು? ನಮ್ಮವರ ಮಟ್ಟಿಗೆ ಗೋವಾದಿಂದ ಎಂದೇ ನನ್ನ ಎಣಿಕೆ. ಹಳೆ ಗೋವಾದ ಬೆಳ್ಳಿಯ ಪೆಟ್ಟಿಗೆಯಲ್ಲಿರುವ, ಸುಮಾರು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಳಿಸುವ ಪಾರ್ಥಿವ ಶರೀರ ಸಂತ ಫ್ರಾನ್ಸಿಸ್ ಕ್ಸೇವಿಯರರದು. ಅವರು ತೀರಿಕೊಂಡದ್ದು 1552ರಲ್ಲಿ. ಇಬ್ಬರ ನಡುವೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಒಬ್ಬರ ಮಹಿಮೆಯನ್ನು ಇನ್ನೊಬ್ಬರಿಗೆ ಕಟ್ಟಿದರೆ ಇಬ್ಬರಿಗೂ ಅನ್ಯಾಯ. 2010ರ ಫೆಬ್ರವರಿಯಲ್ಲಿ ಪಾದುವಾದಲ್ಲೂ ಕೆಲವು ದಿನ ಸಾರ್ವಜನಿಕ ದರ್ಶನವಿತ್ತಲ್ಲ ಎಂದು ವಾದಿಸುವವರಿದ್ದಾರೆ. ಇತ್ತು, ನಿಜ. ಗಾಜಿನ ಪೆಟ್ಟಿಗೆಯಲ್ಲಿ ಜನ ಆಗ ಕಂಡದ್ದೂ ಅಸ್ಥಿಗಳನ್ನೇ.

ಆ ಅಸ್ಥಿಗಳಿರುವ ಸಮಾಧಿ ಬೆಸಿಲಿಕಾದ ಎಡಭಾಗದ ಚಾಪೆಲ್‌ನಲ್ಲಿದೆ. ಅದರ ಹಿಂಬದಿಗೆ ಹೋಗಿ ಕಲ್ಲಿನ ಮೇಲೆ ಅಂಗೈಯಿಟ್ಟು ಪ್ರಾರ್ಥಿಸುವುದು ವಾಡಿಕೆ. ಸುತ್ತಲಿನ ಗೋಡೆಗಳ ಅಮೃತಶಿಲೆಯ ಕೆತ್ತನೆಗಳಲ್ಲಿ ಸಂತರ ಪವಾಡಗಳಿವೆ; ಒಂದೊಂದರ ಮುಂದೆಯೂ ನಿಂತು ನೋಡಿ, ಅವಸರ ಬೇಡ.

ಯಾರೂ ಕೇಳದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಸಂತರ ಆಲಯದ ಮುಂದೆ ಕುದುರೆಯೇರಿದ ಯೋಧನಿಗೇನು ಕೆಲಸ? ಅವನು ವೆನಿಸ್ ಗಣರಾಜ್ಯದ ಸೇನಾಪತಿ ಎರಾಸ್ಮೊ ದ ನಾರ್ನಿ, ಗಟ್ಟಮೆಲಾತ ಎಂದೇ ಪ್ರಸಿದ್ಧ. ಆ ಕಂಚಿನ ಪ್ರತಿಮೆ ದೊನಾತೆಲ್ಲೊ ಕೈಯದು; ಒಳಗಿನ ಮುಖ್ಯ ಬಲಿಪೀಠದ ಕಂಚಿನ ಮೂರ್ತಿಗಳೂ ಅವನವೇ. ಪ್ರತಿಮೆಯ ಪೀಠದಲ್ಲಿ ಬಾಗಿಲುಗಳನ್ನು ಕಡೆದಿರುವುದರಿಂದ ಸೇನಾಪತಿಯ ಗೋರಿಯೇ ಅದೆಂದು ತೋರುತ್ತದೆ. ಆದರೆ ಅವನನ್ನು ಹೂಳಿರುವುದು ಬೆಸಿಲಿಕಾದ ಒಳಗೆ, ಬಲಬದಿಯ ಚಾಪೆಲ್‌ನಲ್ಲಿ.