ತೂಬು ಮುಚ್ಚುವ ಮಾತ್ರೆ

ಮಂಡ್ಯ ಸಕ್ಕರೆ ನಾಡು. ಕಾಯಿಲೆಯ ಮಾತು ಬಂದಾಗ ಮಾತ್ರ ಹೆಚ್ಚಿನವರ ಬಾಯಲ್ಲಿ ಅದು ‘ಶುಗರ್’. ಅದಕ್ಕೆಂದು ಊಟಕ್ಕೆ ಮುಂಚೆ ನುಂಗುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ? ನಾಲೆ ಬಯಲಿನವರಿಗೆ ಹೇಳುವುದು ಸುಲಭ: ತೂಬು ಮುಚ್ಚುತ್ತದೆ.

ಈ ಗುಂಪಿನ ಔಷಧವನ್ನು ಶುಗರ್‌ಗೆಂದು ಯಾರೂ ಹುಡುಕಿದ್ದಲ್ಲ. 1942ರಲ್ಲಿ ಫ್ರಾನ್ಸಿನ ವೈದ್ಯ ಮಾರ್ಸೆಲ್ ಜಾನ್‌ಬಾನ್ ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧ ಕೊಟ್ಟು ನೋಡುತ್ತಿದ್ದರು. ಕೆಲವರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಿತು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಅನ್ನು ಔಷಧವು ಮೇದೋಜೀರಕ ಗ್ರಂಥಿಯಿಂದ ಹೊರಡಿಸುತ್ತದೆ ಎಂದು ತೋರಿಸಿದವರು ಅದೇ ದೇಶದ ಒಗುಸ್ತ್ ಲೂಬಾತಿಯೇರ್. 1950ರ ದಶಕದಲ್ಲಿ ಮಾತ್ರೆ ಬಳಕೆಗೂ ಬಂತು. ಅದು ಹೇಗೆ ಹೊರಡಿಸುತ್ತದೆ ಎಂಬುದು ತಿಳಿಯದೆಯೇ ಜನ ಸುಮಾರು ಮೂವತ್ತು ವರ್ಷ ನುಂಗಿದರು.

ಜೀವಕೋಶದ ಪೊರೆ ಎಣ್ಣೆಜಿಡ್ಡಿನದು. ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು, ಅಂದರೆ ವಿದ್ಯುತ್ತು ಹೊತ್ತ ಕಣಗಳು, ಅದನ್ನು ತಾವಾಗಿ ದಾಟಲಾರವು. ಪ್ರೋಟೀನಿನ ತೂಬುಗಳೇ ಬೇಕು. 1976ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ನೆಹೆರ್ ಮತ್ತು ಸಕ್‌ಮನ್ ಗಾಜಿನ ಸಣ್ಣ ನಳಿಕೆಯ ತುದಿಯನ್ನು ಪೊರೆಗೆ ಒತ್ತಿ, ಒಂದೇ ಒಂದು ತೂಬಿನಲ್ಲಿ ಹರಿಯುವ ವಿದ್ಯುತ್ತನ್ನು ಅಳೆದರು. 1980ರ ದಶಕದಲ್ಲಿ ಅದೇ ನಳಿಕೆ ಇನ್ಸುಲಿನ್ ತಯಾರಿಸುವ ಕೋಶದ ಗುಟ್ಟನ್ನೂ ಬಿಚ್ಚಿತು.

ಆ ಕೋಶದ ಪೊಟ್ಯಾಸಿಯಂ ತೂಬು ಹಸಿದಾಗ ತೆರೆದಿರುತ್ತದೆ. ಉಂಡ ಮುದ್ದೆ ಸಕ್ಕರೆಯಾಗಿ ಬಂದು ಕೋಶದಲ್ಲಿ ಉರಿದಾಗ ಹುಟ್ಟುವ ಎಟಿಪಿ ಎಂಬ ಶಕ್ತಿ ಹೊತ್ತ ಅಣು, ನೀರುಗಂಟಿಯ ಹಾಗೆ ತೂಬನ್ನು ಮುಚ್ಚುತ್ತದೆ. ಒಳಗೆ ಉಳಿದ ಪೊಟ್ಯಾಸಿಯಂನಿಂದ ಪೊರೆಯ ವಿದ್ಯುತ್ತು ಬದಲಾಗಿ ಪಕ್ಕದ ಕ್ಯಾಲ್ಸಿಯಂ ತೂಬು ತೆರೆಯುತ್ತದೆ. ಕ್ಯಾಲ್ಸಿಯಂ ನುಗ್ಗಿದೊಡನೆ ಇನ್ಸುಲಿನ್ ಹೊರಗೆ ಚೆಲ್ಲುತ್ತದೆ. ಮಾತ್ರೆಯಾದರೋ ನೀರುಗಂಟಿಯನ್ನು ಕೇಳುವುದೇ ಇಲ್ಲ. ನೇರ ಹೋಗಿ ತೂಬು ಮುಚ್ಚುತ್ತದೆ, ಹೊಟ್ಟೆಗೆ ಬಿದ್ದಿರಲಿ ಬಿಡಲಿ. ಬೆಳಗ್ಗೆ ಮಾತ್ರೆ ನುಂಗಿ, ಏನೂ ತಿನ್ನದೆ ಕಬ್ಬು ಕಡಿಯಲು ಹೋದವರು ಬೆವರಿ, ಕೈಕಾಲು ನಡುಗಿ ಕುಸಿಯುವುದು ಇದಕ್ಕೇ. ಈ ಮಾತನ್ನು ಮಾತ್ರೆಯ ಚೀಟಿಯ ಮೇಲೇ ಕನ್ನಡದಲ್ಲಿ ಬರೆದುಕೊಟ್ಟರೆ ಯಾರ ಗಂಟು ಹೋಗುತ್ತದೋ ಕಾಣೆ.

ತೂಬು ಮುಚ್ಚಲಾರದೆ ಹುಟ್ಟುವ ಮಕ್ಕಳೂ ಇದ್ದಾರೆ. ಹುಟ್ಟಿದ ಆರು ತಿಂಗಳೊಳಗೇ ಅವರಿಗೆ ಶುಗರ್. ಇದನ್ನು ಇನ್ಸುಲಿನ್ ಕೋಶಗಳೇ ನಾಶವಾಗುವ ಟೈಪ್ ಒನ್ ಎಂದು ತಿಳಿದು, ಜೀವಮಾನವಿಡೀ ಸೂಜಿಯೇ ಗತಿ ಎನ್ನುತ್ತಿದ್ದರು. 2004ರಲ್ಲಿ ಹಲವರ ದೋಷ ಇದೇ ಪೊಟ್ಯಾಸಿಯಂ ತೂಬಿನ ಜೀನಿನಲ್ಲಿ ಸಿಕ್ಕಿತು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 49 ಮಂದಿಗೆ ಹಳೆಯ ಗುಂಪಿನ ಮಾತ್ರೆಯನ್ನೇ ಕೊಟ್ಟು ನೋಡಿದರು. 44 ಮಂದಿ ಇನ್ಸುಲಿನ್ ಸೂಜಿ ಬಿಟ್ಟರು.